ಮೊಹರಿನ ಕೆಳಗಿನ ಸಾಲು

ಮಂಗಳವಾರ ಸಂಜೆ ಶಾದ್ಲಿಯ ಅನ್ನುವ ಹೆಂಗಸು ತನ್ನ ತಂಗಿಗೆ ಒಂದು ಸುಳ್ಳು ಹೇಳಿದಳು. ಪ್ರೀತಿಯಿಂದಲೇ ಹೇಳಿದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ಕಿವಿಗೆ ಹೇಳುತ್ತಿದ್ದೇನೆ ಅನ್ನುವುದನ್ನು ಪುಣ್ಯಾತ್ಗಿತ್ತಿ ಒಂದು ಗಳಿಗೆ ಯೋಚಿಸಬೇಕಿತ್ತು. ತಂಗಿಯ ಹೆಸರು ಮನ್ನೂಬಿಯ, ಅರಬ್ಬಿ ನಾಡಿನ ಸ್ಫಾಕ್ಸ್ ಊರಿನ ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟೆಲಿಫೋನ್ ಆಪರೇಟರು. ಹುಟ್ಟಿನಿಂದ ಕಣ್ಣಿಲ್ಲ. ಕುರುಡರ ಶಾಲೆ ಮುಗಿಸಿದವರಿಗೆ ಸಿಗುವ ಕೆಲಸವೆಂದರೆ ಇದೊಂದೇ ಅನ್ನುವ ಹಾಗಿದ್ದ ಕಾಲ, ಇವಳಿಗೂ ಅದೇ ಸಿಕ್ಕಿತು. ದಿನಕ್ಕೆ ಮುನ್ನೂರು ಕರೆ. ಆ ಕಡೆಯವರು ಹಲೋ ಅನ್ನುವುದರೊಳಗೆ ಮಗು ಹುಟ್ಟಿದೆಯೋ, ಹೆಣ ಯಾವಾಗ ಕೊಡುತ್ತಾರೆಂದು ಕೇಳುತ್ತಿದ್ದಾರೋ ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಮೂರು ವಾರದ ಹಿಂದೆ ಅದೇ ಆಸ್ಪತ್ರೆಯಲ್ಲಿ ಅವಳ ಎಡ ಎದೆಯಿಂದ ಒಂದು ಗಂಟು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಈಗ ವರದಿಯ ಕಾಗದ ಯಾರ ಕೈಗೂ ಕೊಡುವುದಿಲ್ಲ. ಆರು ತಿಂಗಳಿಂದ ಎಲ್ಲವೂ ವೆಬ್‌ಸೈಟಿನಲ್ಲಿ. ರೋಗಿಯ ಫೋನಿಗೆ ಆರು ಅಂಕಿಯ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ, ಅದನ್ನು ಹಾಕಿದರೆ ವರದಿ ತೆರೆಯುತ್ತದೆ. ಸಂಖ್ಯೆಯನ್ನೇನೋ ಮನ್ನೂಬಿಯಳ ಫೋನು ಗಟ್ಟಿಯಾಗಿ ಓದಿ ಹೇಳಿತು. ವೆಬ್‌ಸೈಟು ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಬೇರೆ ದಾರಿ ಇಲ್ಲದೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಲು ಹೇಳಿದಳು.

ಶಾದ್ಲಿಯ ಆ ಸಂಖ್ಯೆಯನ್ನು ಒತ್ತಿದಳು. ಎಲ್ಲೆಲ್ಲೋ ಬೆರಳಾಡಿಸಿದಳು. ಆಮೇಲೆ ಫೋನನ್ನು ಕವುಚಿ ಇಟ್ಟಳು.

"ಏನಿಲ್ಲ ಕಣೆ," ಅಂದಳು. "ಬರೀ ಕೊಬ್ಬಿನ ಗಂಟಂತೆ. ದೇವರು ದೊಡ್ಡೋನು."

ಇದ್ದದ್ದನ್ನು ಇದ್ದ ಹಾಗೆ ಓದು ಅಂದರೆ, ಎಲ್ಲ ಫ್ರೆಂಚಿನಲ್ಲಿದೆ, ಡಾಕ್ಟರ ಭಾಷೆ, ನನಗೇನು ತಿಳಿಯುತ್ತೆ ಅಂದು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದಲೇ, ಏನೋ ನೆನಪಾದವಳ ಹಾಗೆ, ಸೋಮವಾರ ಬೆಳಿಗ್ಗೆ ಹೇಗೂ ಸರ್ಜನ್ನರ ಹತ್ತಿರ ಹೋಗಬೇಕಲ್ಲ, ಏನೋ ಚೂರು ಉಳಿದಿದೆಯಂತೆ, ತೆಗೆಯುತ್ತಾರಂತೆ, ನೀನು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದಳು. ಕೊಬ್ಬಿನ ಗಂಟಿಗೆ ಇಷ್ಟೆಲ್ಲ ಯಾಕೆ ಎಂದು ಮನ್ನೂಬಿಯ ಕೇಳಲಿಲ್ಲ. ಸರಿ ಅಂದಳು ಅಷ್ಟೇ.

ಮರುದಿನ ಶಾದ್ಲಿಯ ಕೆರ್ಕೆನ್ನಾ ದ್ವೀಪದ ಆಕ್ಟೋಪಸ್ ತರಿಸಿ ಗೋಧಿರವೆಯ ಕುಸ್ಕುಸ್ ಮಾಡಿದಳು. ಬುಧವಾರ, ಯಾವ ಹಬ್ಬವೂ ಇಲ್ಲ, ನೆಂಟರೂ ಇಲ್ಲ. ಅದೂ ಹೋಗಲಿ, ಗಂಡ ಸತ್ತ ಮೇಲೆ ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಬೆಳಿಗ್ಗೆ ಎದ್ದು ತಂಗಿಯನ್ನು ಒಂದು ಸುತ್ತು ಬೈಯದೆ ಟೀ ಕುಡಿದವಳಲ್ಲ. ಟವೆಲ್ ಎಲ್ಲೆಂದರಲ್ಲಿ ಬಿಸಾಕುತ್ತೀಯ, ರೇಡಿಯೋ ಜೋರು ಇಡುತ್ತೀಯ, ನೀನು ಹೆಣ್ಣೋ ಏನೋ. ಅಂಥವಳು ಆ ದಿನ ಬೈಯಲಿಲ್ಲ. ಮನ್ನೂಬಿಯ ಬೇಕೆಂದೇ ಟವೆಲನ್ನು ನೆಲಕ್ಕೆ ಹಾಕಿದಳು. ಅಕ್ಕ ಬಂದು ತೆಗೆದು ಮಡಿಚಿ ಇಟ್ಟು, ತಂಗಿಯ ತಲೆ ಸವರಿ ಹೋದಳು. ಆಗ ಮನ್ನೂಬಿಯಳಿಗೆ ನಿಜಕ್ಕೂ ಭಯವಾಯಿತು.

ಇದು ಅವಳಿಗೆ ಗೊತ್ತಿದ್ದ ಆಟವೇ. ಅವರ ತಾಯಿಗೆ ಆ ಕಾಯಿಲೆ ಬಂದಾಗ ಮನೆಯವರು ಅದರ ಹೆಸರು ಎತ್ತಲಿಲ್ಲ. ಯಾರ ಮನೆಯಲ್ಲೂ ಎತ್ತುವುದಿಲ್ಲ, ಕೆಟ್ಟ ಕಾಯಿಲೆ ಅನ್ನುತ್ತಾರೆ, ಅದನ್ನೂ ದನಿ ತಗ್ಗಿಸಿ. ತಾಯಿಗೆ ರಕ್ತ ಕಮ್ಮಿ ಅಂದರು. ಡಾಕ್ಟರೂ ಅವರ ಜೊತೆ ಸೇರಿಕೊಂಡು ರಕ್ತ ಕಮ್ಮಿ ಅಂದ. ತಾಯಿ ಬೀಟ್ರೂಟು ತಿಂದು ತಿಂದು ಸತ್ತಳು. ಕಣ್ಣಿದ್ದವರು ಕಾಗದ ಓದಿ ತಿಳಿದುಕೊಂಡಿದ್ದರು, ಓದು ಬಾರದ ತಾಯಿಗೂ ಕಣ್ಣಿಲ್ಲದ ಮಗಳಿಗೂ ಮಾತ್ರ ಬೀಟ್ರೂಟಿನ ಕಥೆ. ಶವ ತೊಳೆಯಲು ಬಂದ ಹೆಂಗಸರ ಮಾತಿನಿಂದ ಮನ್ನೂಬಿಯಳಿಗೆ ಸಂಗತಿ ತಿಳಿಯಿತು. ಆ ಸಿಟ್ಟು ಅವಳಲ್ಲಿ ಇವತ್ತಿಗೂ ಆರಿಲ್ಲ.

ಈ ಸಲ ಹಾಗಾಗಬಾರದು. ಸೋಮವಾರದೊಳಗೆ ತನ್ನ ವರದಿಯನ್ನು ತಾನೇ ಓದಬೇಕು. ಇಲ್ಲವಾದರೆ ತನ್ನ ಮೈಯಿಂದ ಏನು ತೆಗೆಯುತ್ತಾರೆ, ಯಾಕೆ ತೆಗೆಯುತ್ತಾರೆ ಒಂದೂ ತಿಳಿಯದೆ ಹೆಬ್ಬೆಟ್ಟು ಒತ್ತಬೇಕು. ಬೇರೆ ಯಾರ ಹತ್ತಿರವಾದರೂ ಓದಿಸಬಹುದಿತ್ತಲ್ಲ ಅಂದರೆ, ಓದಿಸಿ ಏನು ಸುಖ? ಅವರೂ ಈ ಊರಿನವರೇ. ಅವರಿಗೂ ಕರುಣೆ ಉಕ್ಕುತ್ತದೆ, ಅವರೂ ಕೊಬ್ಬಿನ ಗಂಟು ಅನ್ನುತ್ತಾರೆ.

ಬುಧವಾರ ಕೆಲಸಕ್ಕೆ ಬಂದವಳೇ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ವೆಬ್‌ಸೈಟು ತೆರೆದಳು. ಅವಳ ಯಂತ್ರದಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಎರಡು ದನಿಗಳಿವೆ, ಅರಬ್ಬಿಗೆ ಒಬ್ಬ ಗಂಡಸು, ಫ್ರೆಂಚಿಗೆ ಒಬ್ಬ ಹೆಂಗಸು. ಈ ಪುಟಕ್ಕೆ ಬಂದರೆ ಫ್ರೆಂಚ್ ಹೆಂಗಸು ಬಂದು ಕೂರುತ್ತಾಳೆ, ಅರಬ್ಬಿ ಅಕ್ಷರ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮಧ್ಯೆ ಮಧ್ಯೆ ಚಿತ್ರ, ಚಿತ್ರ, ಚಿತ್ರ ಅನ್ನುತ್ತಾಳೆ. ಸಂಖ್ಯೆ ಎಲ್ಲಿ ಹಾಕಬೇಕು, ಏನು ಒತ್ತಬೇಕು, ಒಂದಕ್ಕೂ ಉತ್ತರವಿಲ್ಲ. ಇದೇ ಮನ್ನೂಬಿಯ ಆರು ತಿಂಗಳಿಂದ ದಿನಕ್ಕೆ ಎಪ್ಪತ್ತು ಜನಕ್ಕೆ, ನಿಮ್ಮ ವರದಿ ವೆಬ್‌ಸೈಟಿನಲ್ಲಿದೆ, ಸಂಖ್ಯೆ ಹಾಕಿದರೆ ಸುಲಭವಾಗಿ ಸಿಗುತ್ತದೆ ಎಂದು ಹೇಳುತ್ತಾ ಬಂದಿದ್ದಳು. ಆಡಳಿತದವರು ಬರೆದುಕೊಟ್ಟ ವಾಕ್ಯ ಅದು. ಕಣ್ಣು ಮಂಜಾದ ಮುದುಕರು, ಕೈ ನಡುಗುವವರು, ನನಗೆ ಕಾಣಿಸುತ್ತಿಲ್ಲ ತಾಯಿ ಅಂದವರು ಎಲ್ಲರಿಗೂ ಅದೇ ವಾಕ್ಯ. ತನಗೇ ನಾಚಿಕೆಯಾಯಿತು.

ಹಾಗೆಂದು ಕಣ್ಣೀರಿಡುತ್ತಾ ಕೂರುವ ಜಾತಿಯಲ್ಲ ಅವಳು. ವೆಬ್‌ಸೈಟು ಶುರುವಾದಾಗ ಬಂದ ಸುತ್ತೋಲೆಯನ್ನು ಯಾರೋ ಅವಳಿಗೆ ಓದಿ ಹೇಳಿದ್ದರು. ಅದು ಅವಳಿಗೆ ಬಾಯಿಪಾಠ. ವೆಬ್‌ಸೈಟು ತೆರೆಯಲು ತೊಂದರೆಯಾದವರ ಕರೆಯನ್ನು ಕಂಪ್ಯೂಟರ್ ವಿಭಾಗಕ್ಕೆ ಕೊಡತಕ್ಕದ್ದು, ವರದಿ ಓದಲು ತೊಂದರೆಯಾದವರ ಕರೆಯನ್ನು ಪ್ರಯೋಗಾಲಯದ ಮುಖ್ಯಸ್ಥರಿಗೆ ಕೊಡತಕ್ಕದ್ದು. ಪಾಪ ಅವರಿಗೆ ಕೆಲಸ ಜಾಸ್ತಿ ಎಂದು ಇಷ್ಟು ದಿನ ಅವಳೇ ಆ ಕರೆಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಬುಧವಾರ ಒಂಬತ್ತು ಗಂಟೆಯಿಂದ ಹಾಗೆ ಮಾಡುವುದನ್ನು ಬಿಟ್ಟಳು. ಕರೆ ಬಂತು, ಒಂದು ಕ್ಷಣ ಇರಿ ಅಂದಳು, ಕೊಟ್ಟಳು. ಇನ್ನೊಂದು ಬಂತು, ಕೊಟ್ಟಳು. ಸಂಜೆಯ ಹೊತ್ತಿಗೆ ಕಂಪ್ಯೂಟರ್ ವಿಭಾಗಕ್ಕೆ ನಲವತ್ತೆಂಟು ಹೋಗಿದ್ದವು, ಪ್ರಯೋಗಾಲಯಕ್ಕೆ ಇಪ್ಪತ್ತು.

ಕಂಪ್ಯೂಟರ್ ವಿಭಾಗ ಎಂದರೆ ನೆಲಮಾಳಿಗೆಯಲ್ಲಿ ಕೂರುವ ಲೊತ್ಫಿ ಘೊರ್ಬೆಲ್ ಒಬ್ಬನೇ. ನಲವತ್ತು ದಾಟಿದ ಆಸಾಮಿ, ವೆಬ್‌ಸೈಟು ಮಾಡಿದ್ದೂ ಅವನೇ. ಗುರುವಾರ ಮಧ್ಯಾಹ್ನಕ್ಕೆ ಅವನಿಗೆ ತಲೆ ಚಿಟ್ಟು ಹಿಡಿದು ಮೆಟ್ಟಿಲು ಹತ್ತಿ ಮೇಲೆ ಬಂದ. ಏನು ಲಲ್ಲಾ ಮನ್ನೂಬಿಯ, ನನ್ನ ಮೇಲೆ ಏನಾದರೂ ಹಗೆಯಾ, ಬೆಳಿಗ್ಗೆಯಿಂದ ನೀರು ಕುಡಿಯಲು ಬಿಟ್ಟಿಲ್ಲ, ಒಬ್ಬ ಮುದುಕ ನನಗೆ ಅರ್ಧ ಗಂಟೆ ತನ್ನ ಮೂತ್ರಪಿಂಡದ ಕಥೆ ಹೇಳಿದ ಅಂದ. ಸುತ್ತೋಲೆ ಹಾಗೇ ಹೇಳುತ್ತದಲ್ಲ ಸೀ ಲೊತ್ಫಿ ಅಂದಳು ಅವಳು, ಅವನ ಲಲ್ಲಾದಷ್ಟೇ ಮರ್ಯಾದೆಯಿಂದ. ಆಮೇಲೆ ಎದ್ದು, ತನ್ನ ಕುರ್ಚಿ ಅವನಿಗೆ ಬಿಟ್ಟುಕೊಟ್ಟು, ಕಿವಿಗೆ ಹಾಕುವ ಯಂತ್ರವನ್ನು ಅವನ ತಲೆಗೆ ತಾನೇ ಇಟ್ಟಳು. ಪರದೆ ಆರಿಸಿದಳು.

"ನಿಮ್ಮ ವೆಬ್‌ಸೈಟು ತೆರೆದಿದೆ. ಸಂಖ್ಯೆ ಹಾಕೋ ಜಾಗ ಹುಡುಕಿ ನೋಡೋಣ."

ಲೊತ್ಫಿ ನಕ್ಕ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕೀಲಿಗಳನ್ನು ಒತ್ತುವ ಸದ್ದು ಮೊದಲು ನಿಧಾನ ಬಂತು, ಆಮೇಲೆ ಜೋರಾಯಿತು, ಆಮೇಲೆ ಅದೂ ನಿಂತಿತು. ಕೊನೆಗೆ ಪರದೆ ಹೊತ್ತಿಸಿ ಏನೇನೋ ನೋಡಿ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಫ್ರಾನ್ಸಿನಿಂದ ತಂದ ಅಚ್ಚಿನ ಮೇಲೆ ಈ ವೆಬ್‌ಸೈಟು ಕಟ್ಟಿದ್ದನಂತೆ. ಬರಹವನ್ನೆಲ್ಲ ಅರಬ್ಬಿಗೆ ಬದಲಾಯಿಸಿದ್ದ, ಆದರೆ ಪುಟದ ಒಳಗಡೆ ಇದು ಫ್ರೆಂಚ್ ಪುಟ ಎಂದು ಹೇಳುವ ಒಂದು ಸಾಲು ಹಾಗೇ ಉಳಿದಿತ್ತು. ಕಣ್ಣಿಗೆ ಕಾಣುವ ಸಾಲಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅದೊಂದು ನಿಮಿಷದ ಕೆಲಸ, ಅಲ್ಲೇ ಸರಿ ಮಾಡಿದ. ಅರಬ್ಬಿ ಗಂಡಸಿನ ದನಿ ಬಂದು ಆಸ್ಪತ್ರೆಯ ಹೆಸರು ಹೇಳಿತು. ಆಮೇಲೆ ಅದೂ ಚಿತ್ರ, ಚಿತ್ರ, ಚಿತ್ರ ಅಂದಿತು.

ಈ ಚಿತ್ರಗಳೇನು ಎಂದು ಅವಳು ಕೇಳಿದಳು. ಲೊತ್ಫಿ ತನ್ನ ಅಪ್ಪನ ಕಥೆಯಿಂದ ಶುರು ಮಾಡಿದ. ಅವನ ತಂದೆ ಹಮ್ದಾ ಘೊರ್ಬೆಲ್ ಹಳೇ ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಕಸಾಯಿಯವನಿಂದ ಹಿಡಿದು ಅತ್ತರಿನವನ ತನಕ ಆ ಕಾಲದಲ್ಲಿ ಅವನ ಕೈಬರಹವಿಲ್ಲದ ಅಂಗಡಿ ಕಡಿಮೆ. ಅವನು ಸತ್ತ ಮೇಲೆ ಅಂಗಡಿಗಳು ಪ್ಲಾಸ್ಟಿಕ್ ಬೋರ್ಡು ಹಾಕಿಕೊಂಡವು. ಮಗ ಅಪ್ಪನ ಹಳೇ ಪುಸ್ತಕದಿಂದ ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸಿ, ಜೋಡಿಸಿ, ವೆಬ್‌ಸೈಟಿನ ಒಂದೊಂದು ಗುಂಡಿಯನ್ನೂ ಆ ಕೈಬರಹದಲ್ಲೇ ಮಾಡಿದ್ದ. ಒಳಗೆ ಬನ್ನಿ ಅನ್ನುವುದೂ ಅದೇ, ವರದಿ ನೋಡಿ ಅನ್ನುವುದೂ ಅದೇ. ನೋಡುವವರ ಕಣ್ಣಿಗೆ ಅದು ಬರಹ, ಯಂತ್ರಕ್ಕೆ ಬರೀ ಚಿತ್ರ.

"ಅಪ್ಪನ ಅಕ್ಷರ ತೆಗೆದುಬಿಡಬೇಕಾ ಹಾಗಾದ್ರೆ?" ಅಂದ ಲೊತ್ಫಿ.

"ಯಾರು ತೆಗಿ ಅಂದ್ರು? ಇರಲಿ. ಚಿತ್ರದ ಹಿಂದೆ ಒಂದು ಮಾತು ಬರೆದಿಡಿ, ನನ್ನ ಯಂತ್ರ ಓದ್ಕೊಳ್ಳತ್ತೆ."

ಅಷ್ಟೇನಾ ಅಂದು ಅವನು ಹುರುಪಿನಿಂದ ಕೆಳಗೆ ಓಡಿದ. ಆವತ್ತು ಸಂಜೆ ತಡವಾಗಿ ಮನೆಗೆ ಹೋದನಂತೆ.

ಶುಕ್ರವಾರ ಬೆಳಿಗ್ಗೆ ಅವಳು ಬರುವ ಮೊದಲೇ ಲೊತ್ಫಿ ಮೇಲೆ ಬಂದು ನಿಂತಿದ್ದ. ಎಲ್ಲ ಮುಗಿದಿದೆ, ನೋಡಿ ಅಂದ. ಅವಳು ಪುಟ ತೆರೆದಳು. ಮೊದಲ ಗುಂಡಿಗೆ ಬಂದಳು. ಯಂತ್ರದ ಗಂಡಸು ಗಂಭೀರವಾಗಿ ಓದಿದ: ಮಗ್ರೆಬಿ ಶೈಲಿ, ಉಸ್ತಾದ್ ಹಮ್ದಾ ಘೊರ್ಬೆಲ್ ಅವರ ಕೈಬರಹ. ಮುಂದಿನ ಗುಂಡಿಗೆ ಹೋದಳು. ಮಗ್ರೆಬಿ ಶೈಲಿ, ಉಸ್ತಾದ್ ಹಮ್ದಾ ಘೊರ್ಬೆಲ್ ಅವರ ಕೈಬರಹ. ಹೀಗೆ ಒಂಬತ್ತು ಗುಂಡಿ, ಒಂಬತ್ತಕ್ಕೂ ಉಸ್ತಾದರೇ. ಆ ವಾರದಲ್ಲಿ ಮನ್ನೂಬಿಯಳಿಗೆ ನಗು ಬಂದದ್ದು ಅದೇ ಮೊದಲು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಲೊತ್ಫಿಗೆ ಏನು ತಪ್ಪಾಯಿತೆಂದು ತಿಳಿಯದೆ ಮುಖ ಸಣ್ಣದಾಯಿತು.

"ಸೀ ಲೊತ್ಫಿ, ನಿಮ್ಮಪ್ಪ ಅಂಗಡಿ ಬೋರ್ಡಿನ ಮೇಲೆ ಅಂಗಡಿ ಹೆಸರು ಬರೀತಿದ್ರಾ, ತನ್ನ ಹೆಸರು ಬರೀತಿದ್ರಾ?"

ಲೊತ್ಫಿ ಕುರ್ಚಿ ಎಳೆದುಕೊಂಡ. "ಅಂಗಡಿ ಹೆಸರು," ಅಂದ. "ತನ್ನ ಹೆಸರು ಎಲ್ಲೂ ಹಾಕ್ಕೋತಿರ್ಲಿಲ್ಲ. ಕೇಳಿದ್ರೆ ಬೈಯೋರು."

ಆಮೇಲೆ ಅಲ್ಲೇ ಕೂತು, ಅವಳು ಒಂದೊಂದೇ ಕೇಳಿಸಿಕೊಂಡು ಸರಿ ಅಂದ ಮೇಲೆ ಮುಂದಿನದಕ್ಕೆ ಹೋಗುತ್ತಾ, ಒಂಬತ್ತನ್ನೂ ತಿದ್ದಿದ. ಸಂಖ್ಯೆ ಹಾಕುವ ಖಾನೆಗೆ ಹೆಸರಿರಲಿಲ್ಲ, ಹೆಸರು ಕೊಟ್ಟ. ಸಂಖ್ಯೆ ತಪ್ಪಿದರೆ ಖಾನೆ ಸುಮ್ಮನೆ ಕೆಂಪಾಗುತ್ತಿತ್ತಂತೆ. ಕೆಂಪು ಅಂದರೆ ನನಗೇನು ಗೊತ್ತು, ಬಾಯಲ್ಲಿ ಹೇಳಲಿ ಅಂದಳು, ಅದನ್ನೂ ಮಾಡಿದ. ಪರೀಕ್ಷೆ ಮಾಡಲು ಇಲ್ಲದ ಒಬ್ಬ ರೋಗಿಯನ್ನು ಹುಟ್ಟಿಸಿದ್ದ, ಹೆಸರು ಝೈತೂನಾ. ನಿಮ್ಮದನ್ನೇ ತೆರೆದು ನೋಡೋಣವಾ ಎಂದು ಬಾಯಿ ತಪ್ಪಿ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಕೇಳಿ ಮತ್ತೆ ಆ ಮಾತೆತ್ತಲಿಲ್ಲ. ಹನ್ನೊಂದು ಗಂಟೆಗೆ ಝೈತೂನಾಳ ವರದಿಯ ಬಾಗಿಲ ತನಕ ಅವಳು ಯಾರ ಸಹಾಯವೂ ಇಲ್ಲದೆ ಹೋಗಿ ಬಂದಳು. ಲೊತ್ಫಿಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ತನ್ನ ಸಂಖ್ಯೆ ಹಾಕಿದಳು.

ತೆರೆಯಿತು. ಯಂತ್ರ ಅವಳ ಹೆಸರು ಹೇಳಿತು, ತಾರೀಖು ಹೇಳಿತು. ಆಮೇಲೆ, ಚಿತ್ರ ಅಂದಿತು.

ಆದರೂ ಅವಳು ಬಿಡಲಿಲ್ಲ. ಆ ಚಿತ್ರವನ್ನು ಇಳಿಸಿಕೊಂಡು, ಚಿತ್ರದಲ್ಲಿರುವ ಬರಹ ಓದುವ ಆ್ಯಪಿಗೆ ಕೊಟ್ಟಳು. ಅದು ಮೇಲಿನಿಂದ ಓದುತ್ತಾ ಬಂತು, ಚೂರು ಇಷ್ಟು ಉದ್ದ, ಇಷ್ಟು ಅಗಲ, ಬಣ್ಣ ಬಿಳಿ, ಕೋಶಗಳ ಬಗ್ಗೆ ಬಾಯಿ ತಿರುಗದ ಎಂಟು ಸಾಲು. ಕೊನೆಗೆ ತೀರ್ಮಾನ ಅಂದಿತು. ಅದಾದ ಮೇಲೆ ವಿಭಾಗದ ಮುಖ್ಯ, ಸ್ಫಾ, ಗೆರೆ, ಗೆರೆ, ಸೊನ್ನೆ, ಡಾಕ್ಟ, ಜಲ್ಲೂ ಎಂದೇನೋ ಬಡಬಡಿಸಿತು. ಎರಡನೇ ಸಲ, ಮೂರನೇ ಸಲವೂ ಅದೇ ಬಡಬಡಿಕೆ.

ಆಸ್ಪತ್ರೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಅದೇನೆಂದು ಹೊಳೆಯಲು ತಡವಾಗಲಿಲ್ಲ. ಮೊಹರು! ಈ ನಾಡಿನಲ್ಲಿ ಮೊಹರು ಬೀಳದ ಕಾಗದವನ್ನು ಕಾಗದ ಎಂದು ಒಪ್ಪುವವರು ಯಾರು? ಪ್ರಯೋಗಾಲಯದಲ್ಲಿ ವರದಿಯನ್ನು ಕಂಪ್ಯೂಟರಿನಲ್ಲೇ ಟೈಪು ಮಾಡುತ್ತಾರೆ. ಮಾಡಿ, ಅಚ್ಚು ತೆಗೆದು, ಸಹಿ ಹಾಕಿ, ನೇರಳೆ ಶಾಯಿಯ ದುಂಡು ಮೊಹರನ್ನು ಗುದ್ದಿ, ಆ ಕಾಗದದ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕುತ್ತಾರೆ. ಮೊಹರು ಬಿದ್ದದ್ದು ಸರಿಯಾಗಿ ತೀರ್ಮಾನದ ಸಾಲಿನ ಮೇಲೆ.

ಮನ್ನೂಬಿಯ ಕೋಲು ತೆಗೆದುಕೊಂಡು ಪ್ರಯೋಗಾಲಯಕ್ಕೆ ನಡೆದಳು. ಲೊತ್ಫಿ ಹಿಂದೆ ಬಂದ. ಮುಖ್ಯಸ್ಥೆ ಡಾಕ್ಟರ್ ರಶೀದಾ ಜಲ್ಲೂಲಿ ಆಸ್ಪತ್ರೆಗೆಲ್ಲ ಹೆಸರಾದ ಸಿಡುಕಿ. ಹತ್ತೊಂಬತ್ತು ವರ್ಷದಲ್ಲಿ ಟೆಲಿಫೋನಿನಲ್ಲಿ ಲೈನು ಕೊಡು ಅನ್ನುವುದು ಬಿಟ್ಟು ಒಂದು ಮಾತು ಹೆಚ್ಚಿಗೆ ಆಡಿದವರಲ್ಲ. ಅಂಥವರು ಬಾಗಿಲಲ್ಲಿ ಮನ್ನೂಬಿಯಳನ್ನು ಕಂಡ ಕೂಡಲೇ ಎದ್ದು ಬಂದರು, ಕೈ ಹಿಡಿದರು.

"ಬಾಮ್ಮ, ಕೂತ್ಕೋ. ನಾನೇ ಓದಿ ಹೇಳ್ತೀನಿ."

ಆ ಮೆತ್ತನೆಯ ದನಿಯಲ್ಲೇ ಅರ್ಧ ವರದಿ ಇತ್ತು. ಇಲ್ಲಿ ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಂದರೆ, ಮುಂದೆ ಎಂದೆಂದಿಗೂ ಡಾಕ್ಟರು ಏನನ್ನು ಬಿಟ್ಟರು, ಏನನ್ನು ಸಣ್ಣದು ಮಾಡಿದರು ಎಂದು ಯೋಚಿಸುತ್ತಲೇ ಇರಬೇಕಾಗುತ್ತಿತ್ತು.

"ಬೇಡ ಡಾಕ್ಟ್ರೇ," ಅಂದಳು. "ನಮ್ಮಮ್ಮನಿಗೂ ಡಾಕ್ಟ್ರೇ ಹೇಳಿದ್ರು, ರಕ್ತ ಕಮ್ಮಿ ಅಂತ. ಕಣ್ಣಿದ್ದೋನು ನಿಮ್ಮನ್ನ ಕಂಡ್ರಾಗದ ರೋಗಿ ಆದ್ರೂ ತನ್ನ ವರದಿ ತಾನು ಓದ್ಕೋತಾನೆ. ನಾನೂ ಹಾಗೇ ಓದ್ಬೇಕು."

ಡಾಕ್ಟರ ದನಿ ತಕ್ಷಣ ಹಳೆಯ ಹಾದಿಗೆ ಬಂತು. ಮೊಹರು ತೆಗೆಯಲು ಆಗುವುದಿಲ್ಲ, ಬರೀ ಅಕ್ಷರ ಹಾಕಿದರೆ ಯಾರು ಬೇಕಾದರೂ ತಿದ್ದಿ ತಮಗೆ ಬೇಕಾದ ಕಾಯಿಲೆ ಬರೆದುಕೊಳ್ಳುತ್ತಾರೆ, ನಾಳೆ ನ್ಯಾಯಾಲಯದಲ್ಲಿ ನಿಲ್ಲುವವಳು ನಾನು ಅಂದರು. ಮನ್ನೂಬಿಯ ಪಟ್ಟು ಬಿಡಲಿಲ್ಲ.

"ಮೊಹರು ಇರಲಿ. ಅದನ್ನ ತೆಗೀರಿ ಅಂತ ನಾನು ಕೇಳ್ತಿಲ್ಲ. ಅದರ ಕೆಳಗೆ ಏನಿದೆಯೋ ಅದನ್ನ ಪಕ್ಕದಲ್ಲಿ ಇಡಿ. ನನಗೊಬ್ಬಳಿಗೆ ಅಲ್ಲ, ಎಲ್ಲರಿಗೂ."

ಆಗ ಮೂಲೆಯಲ್ಲಿ ಟೈಪು ಮಾಡುತ್ತಿದ್ದ ದುರ್ರಾ ಅನ್ನುವ ಗುಮಾಸ್ತೆ ಬಾಯಿ ಹಾಕಿದಳು. ಎರಡು ದಿನದಿಂದ ಬಂದ ಕರೆಗಳಲ್ಲಿ ಅರ್ಧಕ್ಕರ್ಧ ಇದೇ ತಾನೇ ಡಾಕ್ಟ್ರೇ ಅಂದಳು, ಕಣ್ಣು ಚೆನ್ನಾಗಿರುವವರೂ ಮೊಹರಿನ ಕೆಳಗೆ ಏನಿದೆ ಎಂದು ಕೇಳುತ್ತಿದ್ದಾರೆ. ಹಾಗಾದರೆ ತೀರ್ಮಾನದ ಮೇಲೆ ಯಾಕೆ ಒತ್ತುತ್ತೀಯ ಎಂದು ಡಾಕ್ಟರು ಗದರಿದರು. ಯಾರೂ ತಿದ್ದಬಾರದು, ಸರಿಯಾಗಿ ಅದರ ಮೇಲೇ ಒತ್ತು ಎಂದು ನೀವೇ ಅಲ್ಲವೇ ಕಲಿಸಿದ್ದು ಅಂದಳು ದುರ್ರಾ. ಲೊತ್ಫಿ ಮೆಲ್ಲಗೆ, ಟೈಪು ಮಾಡಿದ್ದನ್ನು ತಿದ್ದಲು ಬಾರದ ಹಾಗೆ ಬೀಗ ಹಾಕಿ ಇಡಬಹುದು, ಒಂದು ತಿಂಗಳ ಹಳೆಯದನ್ನೂ ಸೇರಿಸಿ ನಾಳೆ ಬೆಳಿಗ್ಗೆಯೊಳಗೆ ಮಾಡುತ್ತೇನೆ ಅಂದ. ಡಾಕ್ಟರು ಏನೋ ಗೊಣಗಿದರು. ಆಮೇಲೆ, ಮಾಡು ಅಂದರು.

ಶನಿವಾರ ರಜೆ. ಹತ್ತು ಗಂಟೆಗೆ ಲೊತ್ಫಿಯ ಸಂದೇಶ ಬಂತು, ಆಯಿತು ಅಂತ. ಅಡುಗೆಮನೆಯಲ್ಲಿ ಶಾದ್ಲಿಯ ಮೀನು ಕತ್ತರಿಸುತ್ತಿದ್ದಳು. ಮನ್ನೂಬಿಯ ತನ್ನ ಕೋಣೆಯ ಬಾಗಿಲು ಮುಂದೆ ಮಾಡಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಆರು ಅಂಕಿ ಒತ್ತಿದಳು. ಅವಸರದಲ್ಲಿ ಒಂದು ತಪ್ಪಾಯಿತು. ಸಂಖ್ಯೆ ಸರಿಯಿಲ್ಲ, ಮತ್ತೆ ಹಾಕಿ ಎಂದು ವೆಬ್‌ಸೈಟು ಬಾಯಿ ಬಿಟ್ಟು ಹೇಳಿತು. ಮತ್ತೆ ಹಾಕಿದಳು. ಮೊಹರು ಬಿದ್ದ ಪ್ರತಿ ಅಂದಿತು, ಅದನ್ನು ದಾಟಿದಳು. ಓದುವ ಪ್ರತಿ ಅಂದಿತು. ಒತ್ತಿದಳು.

ಫ್ರೆಂಚ್ ಹೆಂಗಸು ಬಂದು ಓದಿದಳು. ಅವಳಿಗೆ ಕರುಣೆ ಇಲ್ಲ, ಅವಸರವೂ ಇಲ್ಲ. ತೀರ್ಮಾನ ಅಂದಳು. ಆ ಪದ ಹೇಳಿದಳು. ಅದು ಎಲ್ಲರಿಗೂ ಗೊತ್ತಿರುವ ಪದ, ಅದಕ್ಕೆ ಡಾಕ್ಟರ ಭಾಷೆ ಬರಬೇಕಾಗಿಲ್ಲ. ಮನ್ನೂಬಿಯ ಅಲ್ಲಿಗೆ ನಿಲ್ಲಿಸಿ, ಮಂಚದ ಅಂಚು ಹಿಡಿದು ಕೂತಳು. ಎಷ್ಟು ಸಿದ್ಧಳಾಗಿದ್ದರೂ ಸಿದ್ಧಳಾಗಿರಲಿಲ್ಲ. ಅಮ್ಮಾ ಅನ್ನಿಸಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ಕಣ್ಣೊರೆಸಿಕೊಂಡು, ಮುಂದಕ್ಕೆ ಓದಿಸಿದಳು. ಪೂರ್ತಿ ಓದಿಸಿದಳು. ತಿಳಿಯದ ಪದ ಬಂದಾಗ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಹುಡುಕಿ ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಮೊದಲಿಂದ ಕೇಳಿದಳು. ಆಮೇಲೆ ಎದ್ದು ಅಡುಗೆಮನೆಗೆ ಬಂದಳು.

"ಅಕ್ಕ, ಒಲೆ ಆರಿಸು. ನನಗೆ ಕ್ಯಾನ್ಸರ್."

ಶಾದ್ಲಿಯ ಮೊದಲು ಹೇಳಿದ್ದು, ಹೆಸರು ಹೇಳಬೇಡ ಅಂತ. ಆಮೇಲೆ, ಯಾರು ಹೇಳಿದರು ನಿನಗೆ, ಅವರ ಬಾಯಿಗೆ ಹುಳ ಬೀಳ ಎಂದು ಕೂಗಾಡಿದಳು.

"ಯಾರೂ ಹೇಳಿಲ್ಲ. ನಾನೇ ಓದಿದೆ."

ಅಕ್ಕ ಅಲ್ಲೇ ಕುಸಿದು ಕೂ‌ತು ಅತ್ತಳು. ಮಂಗಳವಾರದಿಂದ ಅತ್ತಿರದ ಅಳುವೆಲ್ಲ ಬಂತು. ಮನ್ನೂಬಿಯ ಸಮಾಧಾನ ಮಾಡಲಿಲ್ಲ, ಅವಳಿಗೆ ಅಷ್ಟು ಕೋಪ. ಸರ್ಜನ್ನರಿಗೆ ಏನೆಂದು ಹೇಳಿ ಬಂದಿದ್ದೀಯ ಎಂದು ಕೇಳಿದಳು. ಶಾದ್ಲಿಯ ಮುಸುಕಿನೊಳಗಿಂದ ಹೇಳಿದಳು, ಬುಧವಾರ ನೀನು ಕೆಲಸಕ್ಕೆ ಹೋದ ಮೇಲೆ ಹೋಗಿದ್ದೆ, ಪೂರ್ತಿ ಎದೆ ತೆಗೆದುಬಿಡಿ, ಅವಳಿಗೆ ಏನೂ ಹೇಳಬೇಡಿ ಅಂದೆ, ಅಮ್ಮನಿಗೆ ಹಾಗೆ ಮಾಡಿದ್ದರೆ ಉಳಿಯುತ್ತಿದ್ದಳು.

"ಆ ಪದ ಆದ್ಮೇಲೆ ಏನು ಬರೆದಿತ್ತು, ಓದಿದ್ಯಾ?"

"ಮೊಹರಿನ ಮಧ್ಯೆ ಅದೊಂದು ಪದ ಕಾಣ್ತು. ಸಾಕಾಯ್ತು ನನಗೆ. ಮುಚ್ಚಿಬಿಟ್ಟೆ."

ಮನ್ನೂಬಿಯಳ ಕೋಪ ಎಲ್ಲಿಗೆ ಹೋಯಿತೋ. ಐದು ದಿನ ಈ ಹೆಂಗಸು ಆ ಒಂದೇ ಪದವನ್ನು ಹೊತ್ತುಕೊಂಡು ಒಬ್ಬಳೇ ತಿರುಗಿದ್ದಳು. ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತು, ಮೀನಿನ ವಾಸನೆಯ ಆ ಕೈಯನ್ನು ಹಿಡಿದುಕೊಂಡಳು. ಆ ಪದದ ಮುಂದೆ ಇನ್ನೂ ನಾಲ್ಕು ಸಾಲು ಇದೆ ಅಂದಳು. ಹನ್ನೊಂದು ಮಿಲಿಮೀಟರ್ ಅಂತ ಇದೆ, ಕಡಲೆಕಾಳಿನಷ್ಟು. ನಿಧಾನವಾಗಿ ಬೆಳೆಯುವ ಜಾತಿ ಅಂತ ಇದೆ. ತೆಗೆದ ಚೂರಿನ ಸುತ್ತ ಅಂಚೆಲ್ಲ ಶುದ್ಧವಾಗಿದೆ, ಅಲ್ಲಿ ಕಾಯಿಲೆ ಇಲ್ಲ ಅಂತ ಇದೆ. ಸೋಮವಾರ ಹೋಗೋಣ, ಆದರೆ ಸರ್ಜನ್ನರನ್ನು ಕೇಳುವವಳು ನಾನು, ಅಂಚು ಶುದ್ಧವಾಗಿದ್ದ ಮೇಲೂ ಪೂರ್ತಿ ಯಾಕೆ ತೆಗೆಯಬೇಕು ಎಂದು. ಅವರ ಉತ್ತರ ಕೇಳಿದ ಮೇಲೆ ಹೆಬ್ಬೆಟ್ಟು ಒತ್ತುವುದೋ ಬೇಡವೋ ನೋಡುತ್ತೇನೆ. ನೀನು ಪಕ್ಕದಲ್ಲಿ ಕೂತಿರು, ಮಾತಾಡಬೇಡ.

ಶಾದ್ಲಿಯ ಮೂಗು ಒರೆಸಿಕೊಂಡಳು. ನಂಬಿಕೆ ಬರಲಿಲ್ಲ ಅವಳಿಗೆ. ನನ್ನ ಸಮಾಧಾನಕ್ಕೆ ಹೇಳುತ್ತಿಲ್ಲ ತಾನೇ, ಏನನ್ನೂ ಬಚ್ಚಿಡುತ್ತಿಲ್ಲ ತಾನೇ ಎಂದು ಎರಡು ಸಲ ಕೇಳಿದಳು.

"ಮೊದಲಿಂದ ಓದು," ಅಂದಳು. "ಇದ್ದ ಹಾಗೆ ಓದು."

ಮನ್ನೂಬಿಯ ಮೊದಲಿನಿಂದ ಓದಿದಳು, ಆ ಪದವನ್ನೂ ಬಿಡದೆ.